ಗೊತ್ತು, ಆದ್ರೆ ಹೇಳೋ ಹಾಗಿಲ್ಲ

ನಮ್ಮ ಭಾವನಿಗೆ ಗೊತ್ತಿಲ್ಲದ ಸಂಗತಿ ಈ ಪ್ರಪಂಚದಲ್ಲಿ ಒಂದೇ ಒಂದು ಇತ್ತು. ತಮಗೂ ಕೆಲವು ಸಂಗತಿ ಗೊತ್ತಿರೋದಿಲ್ಲ ಅನ್ನೋದು. ಹೊಟ್ಟೆಕಿಚ್ಚಿನಿಂದ ಹೇಳ್ತಿದ್ದೀನಿ ಅಂದ್ಕೋಬೇಡಿ. ಅವರು ನನ್ನ ಅಕ್ಕನ ಗಂಡ, ಟೈಲರ್ ಮಾಸ್ತರು. ಇಪ್ಪತ್ತೆರಡು ವರ್ಷದಿಂದ ನಾನು ಅವರ ಅಂಗಡಿಯಲ್ಲೇ ಕೂತು ಕಾಜಾ ಹೊಲೀತಿದ್ದೀನಿ. ಕಾಜಾ ಅಂದರೆ ಗುಂಡಿ ತೂರಿಸೋ ಸೀಳು. ಅದೇನು ಮಹಾ ಅಂತ ಮೂಗು ಮುರೀಬೇಡಿ. ನಾನೊಂದು ವಾರ ರಜಾ ಹಾಕಿದರೆ ದೇಶದ ದೊಡ್ಡ ದೊಡ್ಡ ಪೊಲೀಸ್ ಅಧಿಕಾರಿಗಳು ಎದೆ ತೆರೆದುಕೊಂಡೇ ಕಚೇರಿಗೆ ಹೋಗಬೇಕಾಗುತ್ತೆ.

ನಮ್ಮ ಅಂಗಡಿ ಇರೋದು ಪೊಲೀಸ್ ಕೇಂದ್ರ ಕಚೇರಿಯ ಹಿಂದಿನ ಗೇಟಿಗೆ ಎದುರಾಗಿ. ಬೋರ್ಡಿನ ಮೇಲೆ ‘ಪೊಲೀಸ್ ಉಡುಪು, ಗಂಡಸರದು ಮಾತ್ರ’ ಅಂತ ಬರೆಸಿದ್ದಾರೆ. ಆ ‘ಮಾತ್ರ’ದ ಮೇಲೆ ಭಾವನಿಗೆ ಬಹಳ ಅಭಿಮಾನ. ಪರದೆಯ ಹಿಂದಿನ ಕೋಣೆಯಲ್ಲಿ ಅಕ್ಕ ತನ್ನ ಹಳೇ ಮೆಷಿನ್ ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ಬಟ್ಟೆ ಹೊಲೀತಾಳೆ. ಅದಕ್ಕೆ ಭಾವ ಇಟ್ಟ ಹೆಸರು ‘ಒಳಗಿನ ಟಕಟಕ’. ಯಾರಾದರೂ ಹೆಂಗಸರು ಅಂಗಡಿ ಮೆಟ್ಟಿಲು ಹತ್ತಿದರೆ, “ಹಿಂದಿನ ಬಾಗಿಲಿಗೆ ಹೋಗಮ್ಮ, ಇದು ಸರ್ಕಾರಿ ಕೆಲಸದ ಜಾಗ,” ಅನ್ನೋರು.

ಭಾವನ ಇನ್ನೊಂದು ವಿಶೇಷ ಅಂದರೆ, ಅವರು ಯಾರನ್ನೂ ಹೆಸರಿಂದ ಗುರುತಿಸೋದಿಲ್ಲ. ಸೊಂಟದ ಅಳತೆಯಿಂದಲೇ ಗುರುತು. “ಇವತ್ತು ನಲವತ್ನಾಲ್ಕಕ್ಕೆ ಸಿಟ್ಟು ಬಂದಿತ್ತು,” ಅಂತ ಅವರು ಹೇಳಿದರೆ, ಅದು ಒಬ್ಬ ಹಿರಿಯ ಅಧಿಕಾರಿಯ ವಿಷಯ ಅಂತ ನಾವು ತಿಳ್ಕೋಬೇಕು.

ಆ ವರ್ಷ ಇಡೀ ದೇಶದ ಪೊಲೀಸರ ಮುಖ್ಯಸ್ಥರು ನಿವೃತ್ತಿ ಆಗೋರಿದ್ದರು. ಅವರ ಕುರ್ಚಿಗೆ ಮೂವರು ಹಿರಿಯರು ಕಣ್ಣಿಟ್ಟಿದ್ದರು. ನಲವತ್ನಾಲ್ಕು, ಮೂವತ್ತೆಂಟು, ಮೂವತ್ತಾರು. ಮೂವರೂ ನಮ್ಮ ಗಿರಾಕಿಗಳೇ. ಅಧಿಕಾರ ವಹಿಸ್ಕೊಳ್ಳೋ ಹೊತ್ತಿಗೆ ಹೊಸ ಮುಖ್ಯಸ್ಥರು ಹೊಸ ಕೋಟು ತೊಟ್ಟಿರಬೇಕು ಅನ್ನೋದು ಕಚೇರಿಯ ಪದ್ಧತಿ. ಹಾಗಾಗಿ ಹೆಸರು ಪ್ರಕಟ ಆಗೋ ಮೂರು ದಿನ ಮೊದಲು ನಮ್ಮ ಅಂಗಡಿಗೆ ಅರಗಿನ ಮುದ್ರೆ ಒತ್ತಿದ ಕವರು ಬರುತ್ತೆ. ಅದರಲ್ಲಿ ಹೆಸರು ಇರೋದಿಲ್ಲ, ಬರೀ ಅಳತೆ. ಇದು ಗೊತ್ತಿದ್ದೇ ಭಾವ ಕ್ಷೌರದಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸ್ಕೊಂಡು ಬಡಾಯಿ ಕೊಚ್ಚಿದರು.

“ಮಂತ್ರಿಗಳಿಗಿಂತ ಮೊದಲು ಯಾರಿಗೆ ಗೊತ್ತಾಗುತ್ತೆ ಹೇಳು? ನನಗೆ! ಸೊಂಟ ನೋಡಿದ ತಕ್ಷಣ ಹೇಳ್ತೀನಿ, ಯಾರ ಹಣೇಲಿ ಬರೆದಿದೆ ಅಂತ.”

ಕ್ಷೌರಿಕನ ಕಿವಿಗೆ ಬಿದ್ದದ್ದು ಬೀದಿಗೆ ಬಿದ್ದ ಹಾಗೆ.

ಇದೇ ಹೊತ್ತಲ್ಲಿ ಮನೆಯಲ್ಲಿ ಇನ್ನೊಂದು ಚಿಂತೆ ಇತ್ತು. ಅಕ್ಕನಿಗೆ ಒಬ್ಬಳೇ ಮಗಳು. ನಾಗರಿಕ ಸೇವೆ ಪರೀಕ್ಷೆ ಬರೆದು ಪೊಲೀಸ್ ಅಧಿಕಾರಿ ಆಗ್ತೀನಿ ಅಂತ ಹಟ ಹಿಡಿದು ಕೂತಿದ್ದಳು. ಎರಡು ಸಲ ಸಂದರ್ಶನದವರೆಗೂ ಹೋಗಿ ವಾಪಸ್ ಬಂದಿದ್ದಳು. ಇದು ಮೂರನೇ ಸಲ. ಬರೋ ವರ್ಷಕ್ಕೆ ವಯಸ್ಸು ಮೀರುತ್ತೆ, ಆಮೇಲೆ ಬಾಗಿಲು ಮುಚ್ಚಿದ ಹಾಗೇ. ಮುಂದಿನ ಬುಧವಾರ ಸಂದರ್ಶನ. ಅದಕ್ಕೆ ಮೊದಲು ಮನೆಯವರ ನಡತೆ ಎಂಥದ್ದು ಅಂತ ಪೊಲೀಸರ ಗುಪ್ತ ವಿಭಾಗ ಒಂದು ವರದಿ ಕೊಡಬೇಕು. ಹುಡುಗಿ ಊಟ ಬಿಟ್ಟು ಓದ್ತಿದ್ದಳು. ಅಕ್ಕ ಅವಳಿಗೆ ಸಂದರ್ಶನದ ಬಟ್ಟೆ ಹೊಲೀತಿದ್ದಳು. ಅಂಗಡಿಯ ಸಿದ್ಧ ಉಡುಪು ಆ ಹುಡುಗಿಗೆ ಆಗೋದೇ ಇಲ್ಲ. ಹುಟ್ಟಿನಿಂದಲೇ ಎಡತೋಳು ಬಲತೋಳಿಗಿಂತ ಅರ್ಧ ಇಂಚು ಉದ್ದ. ಯಾವ ಬಟ್ಟೆ ಹಾಕಿದರೂ ಎಡ ಮಣಿಕಟ್ಟು ಹೊರಗೆ ಇಣುಕಿ ನೋಡುತ್ತೆ.

ಮಂಗಳವಾರ ಕವರು ಬಂತು. ಭಾವ ಕೈ ತೊಳೆದು, ಕನ್ನಡಕ ಒರೆಸಿ, ಗಂಟಲು ಸರಿ ಮಾಡ್ಕೊಂಡು ಮುದ್ರೆ ಒಡೆದರು. ಹಾಳೆ ನೋಡಿದರು. ತಿರುಗಿಸಿ ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ಮುಖ ಇಂಗು ತಿಂದ ಮಂಗನ ಹಾಗಾಯಿತು.

“ಏನ್ ಭಾವ? ನಲವತ್ನಾಲ್ಕಾ?”

“ಸೊಂಟ ಮೂವತ್ತು, ಭುಜ ಹದಿನಾಲ್ಕೂವರೆ,” ಅಂದರು ಮೆಲ್ಲಗೆ. “ಇಷ್ಟು ಸಣ್ಣ ಮನುಷ್ಯ ಇಡೀ ಕಚೇರಿಯಲ್ಲೇ ಇಲ್ವಲ್ಲೋ. ಕೆಳಗಡೆ ಇನ್ನೆರಡು ಅಂಕಿ ಬೇರೆ ಇದೆ. ಇದು ಯಾವ ಜಾಗದ ಅಳತೆ?”

ನನಗೂ ತಿಳೀಲಿಲ್ಲ. ಭಾವ ಎರಡು ನಿಮಿಷ ಯೋಚಿಸಿ ತೀರ್ಪು ಕೊಟ್ಟರು. “ಫೈಲ್ ನಂಬರ್ ಇರಬೇಕು. ಮೂವತ್ತೆಂಟು ಅಂತ ಟೈಪ್ ಮಾಡೋಕೆ ಹೋಗಿ ಮೂವತ್ತು ಅಂತ ಮಾಡಿದ್ದಾರೆ. ಗುಮಾಸ್ತರ ಕೆಲಸವೇ ಇಷ್ಟು. ನಾವೇ ತಿದ್ದಿಕೊಂಡು ಮೂವತ್ತೆಂಟಕ್ಕೇ ಹೊಲಿಯೋಣ.”

ಹೇಳಿದವರೇ ಕತ್ತರಿ ಎತ್ತಿದರು. ಬಟ್ಟೆ ಕಚೇರಿಯಿಂದಲೇ ಬಂದದ್ದು, ಒಂದು ಕೋಟಿಗೆ ಆಗೋಷ್ಟು ಮಾತ್ರ. ಅಷ್ಟರಲ್ಲಿ ಪರದೆ ಸರಿಸಿ ಅಕ್ಕ ಬಂದಳು. ಹಾಳೆಯ ಮೇಲೆ ಒಂದು ಸಲ ಕಣ್ಣಾಡಿಸಿದಳು. ಆಮೇಲೆ ಗಂಡನ ಬಾಯಿ ಕಡೆ ನೋಡಿದಳು. ಮೂವತ್ಮೂರು ವರ್ಷ ಸಂಸಾರ ಮಾಡಿದ ಹೆಂಗಸು, ಆ ಬಾಯಿಯ ಅಳತೆ ಅವಳಿಗೆ ಚೆನ್ನಾಗಿ ಗೊತ್ತು.

“ರೀ, ಸರ್ಕಾರದ ಕಾಗದ ತಿದ್ದೋಕೆ ನೀವ್ಯಾರು? ಬರೆದಿದ್ದ ಹಾಗೇ ಹೊಲೀಬೇಕು. ಅದೂ ಅಲ್ದೆ, ಗುಟ್ಟಿನ ಕೆಲಸಾನ ಬೀದಿಗೆ ಮುಖ ಮಾಡ್ಕೊಂಡು ಮಾಡ್ತಾರಾ? ಇಲ್ಲಿ ಕೊಡಿ, ನಾನು ಒಳಗೆ ಹೊಲೀತೀನಿ. ನೀವು ಹೊರಗೆ ಕೂತು ಕಾವಲು ಕಾಯಿರಿ. ಅಂಥ ಜವಾಬ್ದಾರಿ ಕೆಲಸ ನಿಮ್ಮನ್ನ ಬಿಟ್ರೆ ಇನ್ಯಾರು ಮಾಡ್ತಾರೆ?”

ಕಾವಲು, ಜವಾಬ್ದಾರಿ ಅನ್ನೋ ಎರಡು ಮಾತು ಕೇಳಿದ್ದೇ ಭಾವ ಕತ್ತರಿ ಕೆಳಗಿಟ್ಟು ಎದೆ ಉಬ್ಬಿಸಿದರು. ಬಟ್ಟೆ ಒಳಗೆ ಹೋಯಿತು. ಪೊಲೀಸ್ ಬ್ಯಾಂಡಿನ ಮೇಳದವನ ಒಂದು ಅರ್ಧ ಹೊಲಿದ ಕೋಟು ಮೂಲೇಲಿ ನೇತಾಡ್ತಿತ್ತು. ಅದರ ಮೇಲೆ ಬಿಳಿ ಬಟ್ಟೆ ಮುಚ್ಚಿ, ಅದರ ಪಕ್ಕ ಸ್ಟೂಲ್ ಹಾಕಿಕೊಂಡು, ನಿಧಿ ಕಾಯೋರ ಹಾಗೆ ಭಾವ ಕೂತರು.

ಸಂಜೆ ಅಕ್ಕ ನನ್ನನ್ನ ಒಳಗೆ ಕರೆದು ಕೋಟಿನ ಮುಂಭಾಗ ಕೈಗೆ ಕೊಟ್ಟಳು. “ಕಾಜಾ ಬಲಗಡೆ ಹಾಕು.”

ನಾನು ಬೆಚ್ಚಿಬಿದ್ದೆ. ಗಂಡಸರ ಕೋಟಿಗೆ ಕಾಜಾ ಎಡಗಡೆ, ಗುಂಡಿ ಬಲಗಡೆ. ಹೆಂಗಸರದಕ್ಕೆ ತಿರುಗುಮುರುಗು. “ಅಕ್ಕಾ! ಹಾಗಾದ್ರೆ ಇದು...”

“ಬಾಯಿ ಮುಚ್ಕೊಂಡು ಹಾಕು. ನಿಮ್ಮ ಭಾವನಿಗೆ ಗೊತ್ತಾಯ್ತೋ, ನಾಳೆ ಬೆಳಿಗ್ಗೆ ಹಾಲಿನವನಿಗೂ ಗೊತ್ತಾಗಿರುತ್ತೆ.”

ನಾನು ಬಾಯಿಗೆ ಬೀಗ ಹಾಕಿದೆ. ಆ ಎರಡು ಫೈಲ್ ನಂಬರ್ ಯಾವ ಜಾಗದ ಅಳತೆ ಅಂತ ಆಗ ತಿಳೀತು.

ಬುಧವಾರ ಬೆಳಗಾದರೆ ಅಂಗಡಿ ಮುಂದೆ ಜಾತ್ರೆಯಷ್ಟು ಜನ. ಕ್ಷೌರಿಕ ಕೈಯಲ್ಲಿ ಬಾಚಣಿಗೆ ಹಿಡಿದೇ ಬಂದಿದ್ದ. “ಮಾಸ್ತ್ರೇ, ಕವರು ಬಂತಂತೆ! ಯಾರು?”

ಇಲ್ಲೇ ನೋಡಿ ಭಾವನ ದೊಡ್ಡಸ್ತಿಕೆ. ಗೊತ್ತಿಲ್ಲ ಅಂದಿದ್ದರೆ ಕತೆ ಅಲ್ಲಿಗೇ ಮುಗೀತಿತ್ತು. ಅವರು ಕಣ್ಣು ಅರ್ಧ ಮುಚ್ಚಿ, ದನಿ ತಗ್ಗಿಸಿ ಹೇಳಿದರು. “ಗೊತ್ತು. ಆದ್ರೆ ಹೇಳೋ ಹಾಗಿಲ್ಲ.”

ಜನ ಹಾ ಅಂತ ಬಾಯಿ ತೆರೆದರು. ಅಲ್ಲಿಂದ ಶುರುವಾಯಿತು ಮಾಸ್ತರ ದರ್ಬಾರು. ಔಷಧಿ ಅಂಗಡಿಯವರು ಹೋದ ವರ್ಷ ಕಳೆದ ಸೈಕಲ್ಲಿನ ಅರ್ಜಿ ತಂದರು. ಭಾವನ ಅಣ್ಣ, ಹತ್ತು ವರ್ಷದಿಂದ ಮಾತು ಬಿಟ್ಟವರು, ಮೊಮ್ಮಗನನ್ನ ಎತ್ಕೊಂಡು ಬಂದು, “ತಮ್ಮಾ, ನಮ್ಮ ಅಳಿಯನ್ನ ಹತ್ತಿರದ ಠಾಣೆಗೆ ವರ್ಗ ಮಾಡಿಸ್ಬಿಡು,” ಅಂತ ಅತ್ತೇಬಿಟ್ಟರು. ಭಾವ ಎಲ್ಲರ ಅರ್ಜಿಯನ್ನೂ ತಗೊಂಡು ಅಳತೆ ಪುಸ್ತಕದ ಒಳಗೆ ಇಟ್ಟುಕೊಂಡರು.

ಮಧ್ಯಾಹ್ನ ಮೂವತ್ತಾರು ಫೋನ್ ಮಾಡಿ, “ಮಾಸ್ತ್ರೇ, ಈ ಸಲದ ಕೋಟು ಸ್ವಲ್ಪ ತೆಳ್ಳಗಿನವರದಾ?” ಅಂತ ಕೇಳಿದರು. ಮೂವತ್ತೆಂಟು ಕಪ್ಪು ಕನ್ನಡಕ ಹಾಕ್ಕೊಂಡು ಅಂಗಡಿ ಮುಂದೆ ಏಳು ಸಲ ನಡೆದಾಡಿದರು. ಪ್ರತಿ ಸಲವೂ ಬೀದಿಯವರೆಲ್ಲ ಎದ್ದು ನಮಸ್ಕಾರ ಮಾಡಿದರು. ನಲವತ್ನಾಲ್ಕು ಮಾತ್ರ ನೇರವಾಗಿ ಒಳಗೇ ಬಂದರು.

“ತೋಳಿನ ಗುಂಡಿ ಯಾಕೋ ಸಡಿಲ ಆಗಿದೆ ಮಾಸ್ತ್ರೇ,” ಅಂದರು. ಗುಂಡಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನಾನೇ ಹಾಕಿದ್ದು. ಅವರ ಕಣ್ಣೆಲ್ಲ ಮೂಲೆಯ ಬಿಳಿ ಬಟ್ಟೆ ಮೇಲೇ ಇತ್ತು. “ಆ ಕೋಟು...”

“ಗೊತ್ತು ಸಾರ್. ಆದ್ರೆ ಹೇಳೋ ಹಾಗಿಲ್ಲ.”

“ನೀವೇನೂ ಹೇಳೋದು ಬೇಡ. ಒಂದು ಲೋಟ ನೀರು ತಂದುಕೊಡಿ, ಸಾಕು.”

ಭಾವ ನೀರಿಗೆ ಅಂತ ಹೋದ ತಕ್ಷಣ ಸಾಹೇಬರು ಬಿಳಿ ಬಟ್ಟೆ ಎತ್ತಿ, ಉಸಿರು ಬಿಗಿಹಿಡಿದು, ಕೋಟಿನೊಳಗೆ ತೂರಿಕೊಂಡರು. ಬ್ಯಾಂಡಿನವನು ತುತ್ತೂರಿ ಊದೋ ಮನುಷ್ಯ, ಹೊಟ್ಟೆ ದೊಡ್ಡದು. ಕೋಟು ಸಾಹೇಬರಿಗೆ ಅಳತೆ ತೆಗೆದು ಹೊಲಿದ ಹಾಗೇ ಕೂತುಬಿಟ್ಟಿತು! ಅವರ ಕಣ್ಣಲ್ಲಿ ನೀರು ಬಂತು. ಕನ್ನಡಿ ಮುಂದೆ ನಿಂತು ತಮಗೆ ತಾವೇ ಒಂದು ಸಲ್ಯೂಟ್ ಹೊಡೆದರು. ನಾನು ಮೇಜಿನ ಕೆಳಗೆ ಸೂಜಿ ಹುಡುಕ್ತಿದ್ದೆ, ಇನ್ನೊಂದು ಗಳಿಗೆ ಅಲ್ಲೇ ಹುಡುಕ್ತಾ ಇದ್ದೆ.

ಮಾರನೇ ದಿನ ಕಚೇರಿಯಲ್ಲಿ ನಡೆದದ್ದು ಕೇಳಿ. ನಲವತ್ನಾಲ್ಕು ಎಲ್ಲರ ಅಭಿನಂದನೆ ಸ್ವೀಕರಿಸೋಕೆ ಶುರು ಮಾಡಿದ್ದಷ್ಟೇ ಅಲ್ಲ, ಮುಖ್ಯಸ್ಥರ ಕುರ್ಚಿ ತಮಗೆ ಅಗಲ ಸಾಲದು ಅಂತ ಬಡಗಿಯನ್ನೂ ಕಳಿಸಿದ್ದರು. ಬಡಗಿ ಹೋಗಿ ಅಳತೆ ಹಿಡಿಯೋ ಹೊತ್ತಿಗೆ ಹಳೇ ಮುಖ್ಯಸ್ಥರು ಇನ್ನೂ ಅದೇ ಕುರ್ಚಿಯಲ್ಲಿ ಕೂತಿದ್ದರು.

“ಯಾರಪ್ಪ ನೀನು?”

“ಸ್ವಲ್ಪ ಏಳ್ತೀರಾ ಸಾರ್? ಹೊಸ ಸಾಹೇಬ್ರಿಗೆ ಅಗಲ ಮಾಡ್ಬೇಕು.”

ಗಲಾಟೆ ಎದ್ದಿತು. ಗುಟ್ಟು ಹೊರಗೆ ಬಿದ್ದಿದೆ, ಯಾರು ಬಿಟ್ಟರು ಅಂತ ವಿಚಾರಣೆ ಆಯಿತು. ಬಡಗಿಯಿಂದ ನಲವತ್ನಾಲ್ಕು, ನಲವತ್ನಾಲ್ಕರಿಂದ ನಮ್ಮ ಅಂಗಡಿ. ಗುರುವಾರ ಸಂಜೆ ಗುಪ್ತ ವಿಭಾಗದ ಅಧಿಕಾರಿ ಬಂದೇಬಿಟ್ಟರು. ಸಣ್ಣ ದನಿಯ, ಸಣ್ಣ ನೋಟ್‌ಬುಕ್ಕಿನ ಮನುಷ್ಯ. ಬೀದಿಯವರೆಲ್ಲ ಬಾಗಿಲಲ್ಲಿ ಜಮಾಯಿಸಿದರು.

ಪರದೆ ಹಿಂದೆ ಹುಡುಗಿ ನನ್ನ ಕೈ ಹಿಡಿದಳು. “ಮಾವ, ನನ್ನ ವರದಿ ಬರೆಯೋದು ಇವರ ವಿಭಾಗವೇ. ಅಪ್ಪ ಗುಟ್ಟು ಬಿಟ್ಟುಕೊಟ್ರು ಅಂತ ಒಂದು ಸಾಲು ಬಿದ್ರೆ ಸಾಕು, ಅಲ್ಲಿಗೆ ಮುಗೀತು. ಇದೇ ಕೊನೇ ಸಲ.”

ನಾನು ಪರದೆಯ ಸಂದಿಗೆ ಕಣ್ಣಿಟ್ಟೆ.

ಅಧಿಕಾರಿ ಕೇಳಿದರು. “ಮುಖ್ಯಸ್ಥರು ಯಾರಾಗ್ತಾರೆ ಅಂತ ನಿಮಗೆ ಗೊತ್ತಂತೆ, ಹೌದಾ?”

ಭಾವ ಕೊರಳಿನ ಅಳತೆ ಟೇಪನ್ನ ಬೆರಳಿಗೆ ಸುತ್ತಿಕೊಂಡರು. ಗೊತ್ತಿಲ್ಲ ಅನ್ನೋ ಮಾತು ನಾಲಗೆ ತುದಿವರೆಗೂ ಬಂದದ್ದನ್ನ ನಾನು ನೋಡಿದೆ. ಆದರೆ ಅಧಿಕಾರಿಯ ಭುಜದ ಹಿಂದೆ ಕ್ಷೌರಿಕನ ಮುಖ ಇತ್ತು. ಅವನೆದುರಿಗೆ ಆ ಮಾತು ಹೇಗೆ ಆಡೋದು?

“ಗೊತ್ತು. ಆದ್ರೆ ಹೇಳೋ ಹಾಗಿಲ್ಲ.”

“ನಾನು ಗುಪ್ತ ವಿಭಾಗದವನು. ನನಗೆ ಹೇಳಬಹುದು.”

“ಹೇಳೋ ಹಾಗಿಲ್ಲ.”

“ಹೇಳದಿದ್ರೆ ಈಗಲೇ ಕರ್ಕೊಂಡು ಹೋಗ್ತೀನಿ.”

“ಕರ್ಕೊಂಡು ಹೋಗಿ ಸ್ವಾಮಿ. ನೇಣಿಗೆ ಹಾಕಿದ್ರೂ ನನ್ನ ಬಾಯಿಂದ ಹೆಸರು ಬರಲ್ಲ.” ಇದು ಮಾತ್ರ ನೂರಕ್ಕೆ ನೂರು ಸತ್ಯ. ಎಲ್ಲಿಂದ ಬರಬೇಕು ಪಾಪ!

“ನಲವತ್ನಾಲ್ಕು... ಅಂದ್ರೆ, ಆ ಸಾಹೇಬರಿಗೆ ನೀವು ಏನು ಹೇಳಿದ್ರಿ?” ಅಧಿಕಾರಿಗೂ ನಮ್ಮ ಅಂಗಡಿಯ ಭಾಷೆ ಅಂಟಿಕೊಂಡಿತ್ತು.

“ಅವರು ನೀರು ಕೇಳಿದ್ರು, ನೀರು ಕೊಟ್ಟೆ.”

ಅಧಿಕಾರಿ ಬಹಳ ಹೊತ್ತು ಭಾವನ ಮುಖ ನೋಡಿದರು. ನೋಟ್‌ಬುಕ್ಕಲ್ಲಿ ಏನೋ ಉದ್ದಕ್ಕೆ ಬರೆದರು. ಅದನ್ನ ಜೇಬಿಗೆ ಹಾಕಿಕೊಂಡು ಹೊರಟುಹೋದರು. ಆ ಸಂಜೆ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಳಗಿನ ಟಕಟಕ ಒಂದೇ ನಿಲ್ಲದೆ ನಡೀತಿತ್ತು.

ಶುಕ್ರವಾರ ಎಂಟಕ್ಕೆ ಕೋಟನ್ನ ಬಟ್ಟೆಯಲ್ಲಿ ಸುತ್ತಿ ನಾನೇ ಕಚೇರಿಗೆ ಮುಟ್ಟಿಸಿ ಬಂದೆ. ಹತ್ತಕ್ಕೆ ಕ್ಷೌರದಂಗಡಿಯ ಟೀವಿ ಮುಂದೆ ಬೀದಿಗೆ ಬೀದಿಯೇ ಸೇರಿತ್ತು. ಮಧ್ಯದ ಕುರ್ಚಿಯಲ್ಲಿ ಭಾವ. ಟೀವಿಯಲ್ಲಿ ಕಚೇರಿಯ ಬಾಗಿಲು ತೆರೆಯಿತು. ನಮ್ಮ ಕೋಟು ತೊಟ್ಟು ಹೊರಗೆ ಬಂದವರು ಒಬ್ಬರು ಹೆಂಗಸು! ತರಬೇತಿ ವಿಭಾಗದಲ್ಲಿ ಸದ್ದಿಲ್ಲದೆ ಕೆಲಸ ಮಾಡ್ಕೊಂಡಿದ್ದ ಹಿರಿಯ ಅಧಿಕಾರಿ. ಯಾರ ಲೆಕ್ಕದಲ್ಲೂ ಇಲ್ಲದವರು. ಭುಜದಿಂದ ಸೊಂಟದವರೆಗೆ ಒಂದು ಸುಕ್ಕಿಲ್ಲ, ಒಂದು ಎಳೆತ ಇಲ್ಲ. ಅಂಥ ಕೋಟು ಆ ಕಚೇರಿಯಲ್ಲಿ ಯಾವ ಗಂಡಸೂ ಹಾಕಿದ್ದಿಲ್ಲ. ಅಕ್ಕ ಬಾಗಿಲಲ್ಲೇ ನಿಂತು ನೋಡಿ, “ಕಾಲರ್ ಚೆನ್ನಾಗಿ ಕೂತಿದೆ,” ಅಂದು ವಾಪಸ್ ಹೊರಟಳು. ಹೆಮ್ಮೆಯಿಂದ ನನ್ನ ಎದೆ ತುಂಬಿಬಂತು ಸ್ವಾಮಿ, ಸುಳ್ಳು ಯಾಕೆ ಹೇಳಲಿ.

ಭಾವನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಕ್ಷೌರಿಕ ತಿರುಗಿ ಕೈ ಮುಗಿದ. “ಮಾಸ್ತ್ರೇ! ಇಂಥ ಗುಟ್ಟನ್ನ ಮೂರು ದಿನ ಹೊಟ್ಟೇಲಿ ಇಟ್ಕೊಂಡಿದ್ರಲ್ಲ!”

ಭಾವ ಬಾಯಿ ಮುಚ್ಚಿ, ನುಂಗಿ, “ಹೇಳೋ ಹಾಗಿರ್ಲಿಲ್ಲಪ್ಪ,” ಅಂದರು.

ಸೋಮವಾರ ಕಚೇರಿಯಿಂದ ಒಂದು ಮೆಚ್ಚುಗೆ ಪತ್ರ ಬಂತು. ‘ಊರಿನಲ್ಲಿ ಮೂರು ಹೆಸರು ಹರಿದಾಡಿದರೂ ನಿಜವಾದ ಹೆಸರು ಒಬ್ಬರ ಬಾಯಿಂದಲೂ ಹೊರಬೀಳಲಿಲ್ಲ. ಗುಪ್ತ ವಿಭಾಗ ಒತ್ತಾಯಿಸಿದರೂ ಮಾಸ್ತರು ಬಾಯಿ ಬಿಡಲಿಲ್ಲ.’ ಭಾವ ಅದಕ್ಕೆ ಗಾಜು ಹಾಕಿಸಿ ಗೋಡೆಗೆ ತಗುಲಿಹಾಕಿದರು. ಸಂಜೆಯವರೆಗೂ ಅದರ ಕೆಳಗೇ ಕೂತಿದ್ದರು.

ಬುಧವಾರ ಹುಡುಗಿ ಸಂದರ್ಶನಕ್ಕೆ ಹೋಗಿ ಬಂದಳು. ಮುಖ ಬಾಡಿತ್ತು.

“ಏನ್ ಕೇಳಿದ್ರೇ?” ಅಂದಳು ಅಕ್ಕ.

“ಅಧ್ಯಕ್ಷರು ವರದಿ ಓದಿದ್ರಮ್ಮ. ‘ನಿಮ್ಮ ತಂದೆ ಅಷ್ಟು ದೊಡ್ಡ ಗುಟ್ಟು ಕಾಪಾಡಿದ್ರಲ್ಲ, ಮನೇಲಿ ನಿಮಗೂ ಹೇಳಲಿಲ್ವಾ?’ ಅಂತ ಕೇಳಿದ್ರು.”

“ನೀನೇನಂದೆ?” ಭಾವ ಪತ್ರದ ಕಡೆ ಒಂದು ಸಲ, ಮಗಳ ಕಡೆ ಒಂದು ಸಲ ನೋಡಿದರು.

“ನಿಜ ಹೇಳ್ಬಿಟ್ಟೆ. ‘ನಮ್ಮಪ್ಪನಿಗೆ ಗೊತ್ತಿರಲೇ ಇಲ್ಲ ಸಾರ್. ಗೊತ್ತಿದ್ದದ್ದು ನಮ್ಮಮ್ಮನಿಗೆ. ಅವಳು ಅಪ್ಪನಿಗೂ ಹೇಳಲಿಲ್ಲ’ ಅಂದೆ. ಐದು ಜನವೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಒಬ್ಬರು ಕರ್ಚೀಫು ತೆಗೆದು ಬಾಯಿ ಮುಚ್ಕೊಂಡ್ರು. ನೀವಿನ್ನು ಹೋಗಬಹುದು ಅಂದ್ರು.”

ಭಾವ ಸ್ಟೂಲಿನ ಮೇಲೆ ಕುಸಿದರು. “ನಿನಗೆ ಗೊತ್ತಿತ್ತೇನೇ?” ಅಂತ ಹೆಂಡತಿಯನ್ನ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ನಿನಗೂನಾ?” ಅಂದರು. ನಾನು ದಾರ ಹಲ್ಲಲ್ಲಿ ಕಚ್ಚಿಕೊಂಡು ಕಿಟಕಿ ನೋಡಿದೆ. ಭಾವ ಎದ್ದು ಹೋಗಿ ಗೋಡೆಯ ಪತ್ರ ತೆಗೆದು ಪೆಟ್ಟಿಗೆಯಲ್ಲಿ ಮುಖ ಕೆಳಗೆ ಮಾಡಿ ಇಟ್ಟರು. ನನಗೆ ಅಯ್ಯೋ ಅನ್ನಿಸಿತು. ಆದರೆ ಭಾವ ಮಗಳನ್ನ ಮಾತ್ರ ಒಂದು ಮಾತೂ ಬೈಯಲಿಲ್ಲ.

ಇಪ್ಪತ್ತು ದಿನ ಆದ ಮೇಲೆ ಅರಗಿನ ಮುದ್ರೆಯ ಇನ್ನೊಂದು ಕವರು ಬಂತು. ಹೊಸದಾಗಿ ಆಯ್ಕೆಯಾದ ಪೊಲೀಸ್ ಅಧಿಕಾರಿಗಳ ತರಬೇತಿ ಉಡುಪು. ಗಂಡಸರದು, ಹೆಂಗಸರದು ಎರಡೂ ನಮ್ಮ ಅಂಗಡಿಗೇ ಅಂತ ಹೊಸ ಮುಖ್ಯಸ್ಥೆಯ ಆದೇಶ. ಮೂವತ್ತಾರು ಜನ. ಹೆಸರಿಲ್ಲ, ಊರಿಲ್ಲ, ವೈದ್ಯಕೀಯ ಪರೀಕ್ಷೆಯಲ್ಲಿ ತೆಗೆದ ಅಳತೆ ಮಾತ್ರ. ಪಟ್ಟಿ ಹೊರಬೀಳೋಕೆ ಇನ್ನೂ ಎಂಟು ದಿನ ಇತ್ತು. ಅಲ್ಲಿವರೆಗೆ ಒಂದಕ್ಷರ ಹೊರಗೆ ಹೋಗಬಾರದು ಅಂತ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿತ್ತು.

ಈ ಸಲ ಭಾವ ತಾವೇ ಹಾಳೆಯನ್ನ ಅಕ್ಕನ ಮೇಜಿನ ಮೇಲಿಟ್ಟು ಪಕ್ಕದಲ್ಲಿ ನಿಂತರು. ಅಕ್ಕ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಹತ್ತೊಂಬತ್ತನೇ ಸಾಲಿಗೆ ಬೆರಳು ನಿಂತುಬಿಟ್ಟಿತು. ಬಲತೋಳು ಇಪ್ಪತ್ತೆರಡು. ಎಡತೋಳು ಇಪ್ಪತ್ತೆರಡೂವರೆ.

ಮೂವರೂ ಅದನ್ನೇ ಇನ್ನೊಂದು ಸಲ ಓದಿದೆವು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಭಾವ ಹಾಳೆ ಮಡಚಿ ಅಕ್ಕನ ಕೈಗೆ ಕೊಟ್ಟು, “ಹತ್ತೊಂಬತ್ತು ನಾನು ಹೊಲೀಲಾ? ನೀನು ಹೇಳಿಕೊಡು,” ಅಂದರು. ಮದುವೆಯಾದ ಮೇಲೆ ಹೆಂಡತಿ ಹತ್ತಿರ ಅವರು ಒಂದು ಹೊಲಿಗೆ ಕೇಳಿ ಕಲಿತದ್ದು ಅದೇ ಮೊದಲು.

ಸಂಜೆ ಹುಡುಗಿ ಅಂಗಡಿಗೆ ಬಂದಳು. “ಅಪ್ಪಾ, ಕವರು ಬಂತಂತೆ. ಅದ್ರಲ್ಲಿ ನಂದೇನಾದ್ರೂ...”

ಭಾವ ಮೆಷಿನ್ನಿನ ಮೇಲೆ ಬಗ್ಗಿದರು. ದಾರ ತುಂಡಾಗಿರಲಿಲ್ಲ, ಆದರೂ ಪೋಣಿಸ್ತಾ ಇದ್ದರು. “ನಂಗೇನಮ್ಮ ಗೊತ್ತು? ನಂಗೇನೂ ಗೊತ್ತಿಲ್ಲ.”

ಹುಡುಗಿ ಬೆಪ್ಪಾಗಿ ನಿಂತಳು. ಹುಟ್ಟಿದ ಮೇಲೆ ಅಪ್ಪನ ಬಾಯಲ್ಲಿ ಆ ಮಾತು ಅವಳು ಕೇಳಿರಲೇ ಇಲ್ಲ. ಹೊರಗೆ ಬಂದು ನನ್ನ ಹತ್ತಿರ ಅತ್ತಳು. “ಅಪ್ಪನೇ ಗೊತ್ತಿಲ್ಲ ಅಂದ್ರು ಮಾವ. ಅಂದ್ಮೇಲೆ ನನ್ನ ಕತೆ ಮುಗೀತು.” ನಾನು ಏನು ಹೇಳಲಿ? ಕಾಜಾ ಹೊಲಿಯೋನಿಗೆ ಏನು ಗೊತ್ತಿರುತ್ತಮ್ಮ ಅಂದೆ.

ಆ ಎಂಟು ದಿನ ಭಾವ ಪಟ್ಟ ಪೀಕಲಾಟ ಶತ್ರುವಿಗೂ ಬೇಡ. ಕ್ಷೌರದಂಗಡಿಗೆ ಹೋದರೆ ಬಾಯಿ ತೆರೆಯುತ್ತೆ ಅಂತ ಹೋಗಲೇ ಇಲ್ಲ. ಗಡ್ಡ ಬೆಳೆಯಿತು. ಕ್ಷೌರಿಕನೇ ಹುಡುಕಿಕೊಂಡು ಬಂದು, “ಮಾಸ್ತ್ರೇ, ಈ ಸಲವೂ ಗೊತ್ತಾ?” ಅಂದ. “ಗೊತ್ತಿಲ್ಲಪ್ಪ,” ಅಂದರು ಭಾವ. ಅವನು ನಂಬದೆ ಹಣೆ ಮುಟ್ಟಿ, ಜ್ವರ ಇದೆಯಾ ಅಂತ ನೋಡಿ ಹೋದ. ಮಗಳು ಎದುರು ಬಂದಾಗಲೆಲ್ಲ ಭಾವ ಎದ್ದು ಹಿತ್ತಲಿಗೆ ಹೋಗೋರು. ಅಲ್ಲಿ ಗೋಡೆ ಮುಂದೆ ನಿಂತು ಒಬ್ಬರೇ ನಗೋರು, ಒಬ್ಬರೇ ಅಳೋರು.

ಶನಿವಾರ ಹತ್ತಕ್ಕೆ ಪಟ್ಟಿ ಬಂತು. ಅರ್ಧ ಗಡ್ಡ ಬೋಳಿಸಿದ್ದ ಗಿರಾಕಿಯನ್ನ ಹಾಗೇ ಬಿಟ್ಟು ಕ್ಷೌರಿಕ ಬೀದಿ ಉದ್ದಕ್ಕೂ ಕೂಗ್ತಾ ಓಡಿಬಂದ. “ನಮ್ಮ ಹುಡುಗಿ! ನಮ್ಮ ಮಾಸ್ತ್ರ ಹುಡುಗಿ!” ಔಷಧಿ ಅಂಗಡಿಯವರು ಸೈಕಲ್ ಮರೆತು ಕುಣಿದರು. ಭಾವನ ಅಣ್ಣ ಬಂದು ತಮ್ಮನನ್ನ ತಬ್ಬಿಕೊಂಡರು, ಅಳಿಯನ ವಿಷಯ ಆಮೇಲೆ ನೋಡೋಣ ಅಂದರು. ಹುಡುಗಿ ಅಂಗಡಿ ಮಧ್ಯ ನಿಂತಿದ್ದಳು.

ಭಾವ ಎದ್ದು, ಪರದೆ ಸರಿಸಿ, ಹ್ಯಾಂಗರಿನಿಂದ ಹತ್ತೊಂಬತ್ತನೇ ನಂಬರಿನ ಕೋಟು ತೆಗೆದರು. ಇಸ್ತ್ರಿ ಹಾಕಿ, ಗುಂಡಿ ಮಿನುಗಿಸಿ ಸಿದ್ಧ ಇತ್ತು. ಕಾಜಾ ಬಲಗಡೆ. ಮಗಳ ಹಿಂದೆ ನಿಂತು ತೊಡಿಸಿದರು. ಅವಳು ಕೈ ಚಾಚಿ ನೋಡಿದಳು. ಬಲಗೈ ನೋಡಿದಳು, ಎಡಗೈ ನೋಡಿದಳು. ಎಡ ಮಣಿಕಟ್ಟು ಇಣುಕಲಿಲ್ಲ.

ತಿರುಗಿ ಅಪ್ಪನ ಮುಖ ನೋಡಿದಳು. “ಅಪ್ಪಾ... ನಿಮಗೆ ಗೊತ್ತಿತ್ತಾ?”

ಎಂಟು ದಿನದ ಗಡ್ಡದ ಮೇಲೆ ಕಣ್ಣೀರು ಇಳೀತಿತ್ತು. ಬೀದಿಗೆ ಬೀದಿಯೇ ಕೇಳ್ತಾ ನಿಂತಿತ್ತು.

“ಗೊತ್ತಿತ್ತು ಕಣಮ್ಮ,” ಅಂದರು ಭಾವ. “ಹೇಳೋ ಹಾಗಿರ್ಲಿಲ್ಲ.”